ಚೌಚೌ ಭಾತ್ ಸಿಂಫೊನಿ

ನಮ್ಮ ಷಡ್ಡಕರು ಎಲ್‌ಪಿ ರೆಕಾರ್ಡನ್ನು ಕವರಿನಿಂದ ಹೊರತೆಗೆಯುವ ಸಂಭ್ರಮವನ್ನು ನೀವು ಒಮ್ಮೆ ನೋಡಬೇಕು. ಸಂಪುಟದಿಂದ ಸಾಲಿಗ್ರಾಮ ಎತ್ತುವ ಆಚಾರ್ಯರಿಗೂ ಅಷ್ಟು ಮಡಿ ಇರಲಿಕ್ಕಿಲ್ಲ. ಎರಡು ಅಂಗೈಗಳ ನಡುವೆ ಅಂಚು ಮಾತ್ರ ಹಿಡಿದು, ಕಿಟಕಿಯ ಬೆಳಕಿಗೆ ಒಡ್ಡಿ, ಉಫ್ ಎಂದು ಊದಿ, ಅದಕ್ಕೆಂದೇ ಮೀಸಲಿಟ್ಟ ಮಖಮಲ್ಲಿನ ತುಂಡಿನಿಂದ ಪ್ರದಕ್ಷಿಣಾಕಾರವಾಗಿ ಒರೆಸುತ್ತಾರೆ. ಆ ಹೊತ್ತಿನಲ್ಲಿ ನಾನು ಕೋಡುಬಳೆ ತಿಂದ ಕೈಯನ್ನು ಆ ಕಡೆ ಚಾಚಿದೆನೋ, ಮುಗಿಯಿತು. ‘ಕೈ ತೊಳ್ಕೊಂಡ್ ಬಾರಯ್ಯಾ ಮೊದ್ಲು!’

ಹೋದ ಭಾನುವಾರ ಹೊರಬಂದದ್ದು ಮೂಡಿ ಬ್ಲೂಸ್ ಎಂಬ ಇಂಗ್ಲೆಂಡಿನ ತಂಡದ 1967ರ ರೆಕಾರ್ಡು. ‘ಡೇಸ್ ಆಫ್ ಫ್ಯೂಚರ್ ಪಾಸ್ಡ್’ ಅಂತ ಹೆಸರು. ಅಂದರೆ, ಕಳೆದುಹೋದ ಭವಿಷ್ಯದ ದಿನಗಳು. ಭವಿಷ್ಯ ಅದು ಹೇಗೆ ಕಳೆದುಹೋಗುತ್ತದೆ ಎಂದು ಭಾವ ತತ್ತ್ವಶಾಸ್ತ್ರ ತೆಗೆಯುವ ಮೊದಲೇ ನಾನು, ‘ಗೊತ್ತು ಬಿಡಿ ಭಾವ, ನಮ್ಮೂರಲ್ಲಿ ಬಾಗಿಲ ಮೇಲೆ “ನಾಳೆ ಬಾ” ಅಂತ ಬರೀತಿದ್ರಲ್ಲ, ಅದೇ ತಾನೇ?’ ಎಂದುಬಿಟ್ಟೆ. ದೆವ್ವ ದಿನಾ ಬರುತ್ತದೆ, ಓದುತ್ತದೆ, ಹೋಗುತ್ತದೆ; ಅದರ ಪಾಲಿಗೆ ನಾಳೆ ಎಂಬುದು ನೂರಾರು ಸಲ ಬಂದುಹೋಗಿದೆ. ಭಾವನ ಮುಖ ನೋಡಿದರೆ ಆ ದೆವ್ವವೂ ಇಷ್ಟು ಬೇಜಾರಾಗಿ ವಾಪಸ್ಸು ಹೋಗಿರಲಾರದು ಅನ್ನಿಸಿತು.

‘ತಮಾಷೆ ಸಾಕು. ರಾಕ್ ಬ್ಯಾಂಡು, ಸಿಂಫೊನಿ ಆರ್ಕೆಸ್ಟ್ರಾ ಎರಡೂ ಹಾಲು ಸಕ್ಕರೆ ಹಾಗೆ ಬೆರೆತ ರೆಕಾರ್ಡು ಕಣಯ್ಯಾ ಇದು. ಬಾಯಿಮುಚ್ಚಿ ಕೇಳು.’

ಬಾಯಿ ಮುಚ್ಚಿದೆ, ಆದರೆ ತಲೆ ಮುಚ್ಚುವುದು ಹೇಗೆ? ಆರ್ಕೆಸ್ಟ್ರಾ ಎಂದ ಕೂಡಲೇ ನನ್ನ ಕಣ್ಣ ಮುಂದೆ ಬರುವುದು ಕರೀ ಕೋಟಿನ ಪಿಟೀಲುದಾರರ ಸಾಲಲ್ಲ. ಬರುವುದು ಗಣೇಶನ ಪೆಂಡಾಲು. ಮಿಣಮಿಣ ಸೀರಿಯಲ್ ಸೆಟ್ಟು, ಸ್ಪೀಕರಿನ ಮೇಲೆ ಕೂತ ಹುಡುಗರು, ‘ಚೆಕ್ ಚೆಕ್ ಹಲೋ’ ಎನ್ನುವ ಮೈಕಿನವನು, ಮತ್ತು ಎಲ್ಲಕ್ಕಿಂತ ಮುಖ್ಯವಾಗಿ ಕೀಬೋರ್ಡಿನ ಹುಡುಗ. ಅವನ ಹತ್ತು ಬೆರಳಲ್ಲಿ ಶಹನಾಯಿ ಇದೆ, ಕೊಳಲಿದೆ, ಮೂವತ್ತು ಪಿಟೀಲಿದೆ. ಒಂದು ಗುಂಡಿ ಒತ್ತಿದರೆ ಮದ್ರಾಸಿನ ರೆಕಾರ್ಡಿಂಗ್ ಥಿಯೇಟರೇ ಎದ್ದುಬರುತ್ತದೆ. ನಮ್ಮ ಕನ್ನಡದಲ್ಲಿ ಆರ್ಕೆಸ್ಟ್ರಾ ಅಂದರೆ ಅದು. ಇದನ್ನು ಭಾವನಿಗೆ ಹೇಳಿದರೆ, ‘ನಿನಗೆ ಸಂಸ್ಕಾರ ಇಲ್ಲ’ ಎಂದರು. ಇರಲಿ. ಈ ಸಂಸ್ಕಾರದ ವಿಚಾರಕ್ಕೆ ಆಮೇಲೆ ಬರೋಣ, ಬಡ್ಡಿ ಸಮೇತ.

ಈ ಮೂಡಿ ಬ್ಲೂಸ್ ಹುಡುಗರ ಪೂರ್ವಾಶ್ರಮ ಕೇಳಿದರೆ ನಿಮಗೂ ನಮ್ಮ ಪೆಂಡಾಲೇ ನೆನಪಾದೀತು. 1964ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಐವರು ಸೇರಿ ತಂಡ ಕಟ್ಟಿದರು. ಹೆಸರು ಏನಿಡೋಣ? ಊರಿನಲ್ಲಿ ಮಿಚೆಲ್ಸ್ ಅಂಡ್ ಬಟ್ಲರ್ಸ್ ಎಂಬ ಬಿಯರ್ ಕಂಪನಿ ಇತ್ತು, ಎಂ ಅಂಡ್ ಬಿ ಅಂತ ಪ್ರಸಿದ್ಧ. ಎಂ ಮತ್ತು ಬಿ ಅಕ್ಷರ ಬರುವಂತೆ ಹೆಸರಿಟ್ಟುಕೊಂಡರೆ ಕಂಪನಿಯವರು ಖುಷಿಯಾಗಿ ದುಡ್ಡು ಕೊಟ್ಟಾರು ಎಂಬ ದೂರಾಲೋಚನೆ. ಚಂದಾ ಬರುವ ಮೊದಲೇ ಬ್ಯಾನರಿನಲ್ಲಿ ದಾನಿಗಳ ಫೋಟೋ ಹಾಕಿಸುವ ನಮ್ಮ ಗಣೇಶೋತ್ಸವ ಸಮಿತಿಯವರ ಬುದ್ಧಿಯೇ. ಕಂಪನಿ ಕೈ ಬಿಚ್ಚಲಿಲ್ಲ, ಅಕ್ಷರಗಳು ಮಾತ್ರ ಉಳಿದುಕೊಂಡವು. ಎಂ ಹೋಗಿ ಮೂಡಿ ಆಯಿತು, ಬಿ ಹೋಗಿ ಬ್ಲೂಸ್ ಆಯಿತು. ನಾನಾದರೆ ಅದನ್ನು ಒಂದೇ ಮಾತಿನಲ್ಲಿ ‘ನೀಲಾಂಬರಿ’ ಎಂದು ಅನುವಾದಿಸಿ ಕೈತೊಳೆದುಕೊಳ್ಳುತ್ತಿದ್ದೆ. ಬಣ್ಣಕ್ಕೆ ನೀಲಿಯೂ ಆಯಿತು, ಮೂಡಿಗೆ ಜೋಗುಳದ ರಾಗವೂ ಆಯಿತು.

1965ರ ಜನವರಿಯಲ್ಲಿ ‘ಗೋ ನೌ’ ಎಂಬ ಹಾಡು ಬ್ರಿಟನ್ನಿನಲ್ಲಿ ಒಂದನೇ ನಂಬರಿಗೆ ಏರಿತು. ‘ಇನ್ನು ಹೊರಡು’ ಎಂಬ ಹಾಡಿಗೆ ಹೆಸರು ಬಂದರೆ ಏನಾಗಬೇಕೋ ಅದೇ ಆಯಿತು: ಅದೃಷ್ಟ ಹೊರಟಿತು. ಮುಂದಿನ ಹಾಡುಗಳು ಆ ಎತ್ತರ ಮುಟ್ಟಲಿಲ್ಲ. 1966ರಲ್ಲಿ ಹಾಡುಗಾರ ಡೆನ್ನಿ ಲೇನ್ ಬಿಟ್ಟರು, ಬೇಸ್ ಗಿಟಾರಿನ ಕ್ಲಿಂಟ್ ವಾರ್ವಿಕ್ ಬಿಟ್ಟರು. ಬದಲಿಗೆ ಬಂದವರು ಜಾನ್ ಲಾಡ್ಜ್ ಮತ್ತು ಜಸ್ಟಿನ್ ಹೇವರ್ಡ್. ಹೇವರ್ಡ್ ಬಂದದ್ದು ಸ್ವಾರಸ್ಯ. ಹುಡುಗ ಅರ್ಜಿ ಹಾಕಿದ್ದು ಎರಿಕ್ ಬರ್ಡನ್ ಎಂಬ ಇನ್ನೊಬ್ಬ ಗಾಯಕನಿಗೆ. ಅಲ್ಲಿ ಜಾಗ ಭರ್ತಿಯಾಗಿತ್ತೇನೋ, ಅರ್ಜಿ ಮೂಡಿ ಬ್ಲೂಸ್‌ನ ಮೈಕ್ ಪಿಂಡರ್ ಕೈಗೆ ದಾಟಿತು. ಒಂದು ಮನೆಗೆ ಕಳಿಸಿದ ಜಾತಕ ಪಕ್ಕದ ಮನೆಯಲ್ಲಿ ಕೂಡಿಬಂದು ಮದುವೆಯಾದ ಕಥೆ ನಮ್ಮಲ್ಲೂ ಇಲ್ಲವೇ? ನನ್ನದೇ ಅಂಥದ್ದು, ಆ ವಿಷಯ ನಮ್ಮ ಅತ್ತಿಗೆಯ ಮನೆಯಲ್ಲಿ ಕೂತು ವಿಸ್ತರಿಸುವುದು ಕ್ಷೇಮವಲ್ಲ.

ಹೊಸಬರು ಬಂದ ಮೇಲೂ ಹೊಟ್ಟೆಪಾಡಿಗೆ ಅದೇ ನೀಲಿ ಸೂಟು, ಅದೇ ಹಳೇ ಹಾಡು, ಅದೇ ಊಟದ ಕ್ಲಬ್ಬುಗಳು. ಒಂದು ರಾತ್ರಿ ಕಾರ್ಯಕ್ರಮ ಮುಗಿದ ಮೇಲೆ ಯಾರೋ ಒಬ್ಬ ಮಹಾರಾಯ ಬಣ್ಣದ ಕೋಣೆಗೇ ನುಗ್ಗಿ, ದುಡ್ಡು ಕೊಟ್ಟು ಹೆಂಡತಿಯನ್ನು ಕರೆದುಕೊಂಡು ಬಂದರೆ ಇಂಥ ದರಿದ್ರ ಹಾಡಾ ಎಂದು ಮುಖಕ್ಕೆ ಉಗಿದು ಹೋದನಂತೆ. ವಾಪಸ್ಸು ಹೋಗುವಾಗ ವ್ಯಾನಿನಲ್ಲಿ ಬಹಳ ಹೊತ್ತು ಯಾರೂ ಮಾತಾಡಲಿಲ್ಲವಂತೆ. ಆಮೇಲೆ ಡ್ರಮ್ಮಿನ ಗ್ರೇಮ್ ಎಜ್, ಆ ಮನುಷ್ಯ ಹೇಳಿದ್ದು ನಿಜವೇ ಅಲ್ಲವೇ ಎಂದನಂತೆ. ಸೂಟು ಹೋಯಿತು, ಹಳೇ ಹಾಡು ಹೋಯಿತು, ಸ್ವಂತ ಹಾಡು ಬಂತು. ಸಂಗೀತದ ಇತಿಹಾಸ ಬರೆಯುವವರು ವಿಮರ್ಶಕರಿಗೆಲ್ಲ ಅಧ್ಯಾಯ ಕೊಡುತ್ತಾರೆ, ಈ ಪುಣ್ಯಾತ್ಮನಿಗೆ ಹೆಸರೂ ಇಲ್ಲ. ಹೆಂಡತಿಯ ಎದುರು ಟಿಕೆಟ್ಟಿನ ದುಡ್ಡು ದಂಡವಾದ ಗಂಡಸಿನ ಸಿಟ್ಟಿಗಿಂತ ಪ್ರಾಮಾಣಿಕ ವಿಮರ್ಶೆ ಇನ್ನೇನಿದೆ?

ಈಗ ಇವರ ರೆಕಾರ್ಡು ತಂದ ಡೆಕ್ಕಾ ಕಂಪನಿಯ ಕಥೆ. 1962ರ ಮೊದಲ ದಿನ ವೆಸ್ಟ್ ಹ್ಯಾಂಪ್‌ಸ್ಟೆಡ್‌ನ ತಮ್ಮ ಸ್ಟುಡಿಯೋದಲ್ಲೇ ಬೀಟಲ್ಸ್ ಹುಡುಗರನ್ನು ಹಾಡಿಸಿ, ಬೇಡ ಹೋಗಿ ಎಂದು ಕಳಿಸಿದ ಮಹಾನುಭಾವರು ಇವರೇ. ಹಾಗಾಗಿ 1967ರ ಹೊತ್ತಿಗೆ ಅವರಿಗೆ ಕಿವಿಯ ಮೇಲೆ ನಂಬಿಕೆ ಹೋಗಿ, ಯಂತ್ರದ ಮೇಲೆ ಬಂದಿತ್ತೋ ಏನೋ. ಸ್ಟೀರಿಯೋ ಧ್ವನಿಯಲ್ಲಿ ಹೊಸದೊಂದು ಕ್ರಮ ಮಾಡಿ ಅದಕ್ಕೆ ಡೆರಾಮಿಕ್ ಸೌಂಡ್ ಸಿಸ್ಟಮ್ ಎಂದು ನಾಮಕರಣ ಮಾಡಿದ್ದರು. ಸ್ಟೀರಿಯೋ ಸೆಟ್ಟು ಕೊಳ್ಳಬೇಕು ಅನ್ನಿಸಬೇಕಲ್ಲ ಜನಕ್ಕೆ! ನಿಮಗೆ ನೆನಪಿರಬಹುದು, ನಮ್ಮಲ್ಲೂ ಹೊಸ ಸೆಟ್ಟು ತಂದವರು ಮೊದಲು ಕೇಳಿಸುತ್ತಿದ್ದದ್ದು ಹಾಡಲ್ಲ. ಎಡಗಡೆ ಪೆಟ್ಟಿಗೆಯಿಂದ ಬಲಗಡೆ ಪೆಟ್ಟಿಗೆಗೆ ಓಡುವ ರೈಲು. ಭಾವನ ಮನೆಯಲ್ಲಿ ಆ ರೈಲು ಎಷ್ಟು ಸಲ ನನ್ನ ತಲೆಯ ಮೇಲೆ ಹರಿದಿದೆಯೋ ಲೆಕ್ಕವಿಲ್ಲ.

ಡೆಕ್ಕಾದವರಿಗೆ ಬೇಕಾಗಿದ್ದದ್ದು ಅಂಥದ್ದೇ ರೈಲು. ಮೂಡಿ ಬ್ಲೂಸ್‌ನವರು ಹೇಳುತ್ತ ಬಂದ ಕಥೆ ಹೀಗೆ: ಕಂಪನಿಗೆ ನಾವು ಸಾಲ ಬಾಕಿಯಿದ್ದೆವು, ಜೆಕ್ ಮಹಾನುಭಾವ ಡ್ವೊರ್ಝಾಕ್‌ನ ‘ನ್ಯೂ ವರ್ಲ್ಡ್’ ಸಿಂಫೊನಿಯನ್ನು ರಾಕ್ ಶೈಲಿಯಲ್ಲಿ ನುಡಿಸಿಕೊಡಿ ಎಂದರು, ನಾವು ಹೂಂ ಎಂದು ಸ್ಟುಡಿಯೋ ಬಾಗಿಲು ಹಾಕಿಕೊಂಡು ನಮ್ಮ ಹಾಡುಗಳನ್ನೇ ರೆಕಾರ್ಡ್ ಮಾಡಿದೆವು, ವಾದ್ಯವೃಂದದ ಪೀಟರ್ ನೈಟ್ ನಮ್ಮ ಪಕ್ಷಕ್ಕೆ ಸೇರಿಕೊಂಡರು. ಅಂದರೆ ಅತ್ತೆ ಉಪ್ಪಿಟ್ಟಿಗೆಂದು ತಂದುಕೊಟ್ಟ ರವೆಯಲ್ಲಿ ಸೊಸೆ ಕೇಸರಿಭಾತ್ ಕೆದಕಿದ ಕಥೆ. ಕೇಳಲು ಎಷ್ಟು ಚೆನ್ನಾಗಿದೆ! ಆದರೆ ಅಲ್ಲೇ ಕೂತು ಧ್ವನಿ ಹಿಡಿದ ಎಂಜಿನಿಯರ್ ಡೆರೆಕ್ ವಾರ್ನಲ್ಸ್, ಡ್ವೊರ್ಝಾಕ್ ಮಾತೇ ಬಂದಿರಲಿಲ್ಲ ಎಂದುಬಿಟ್ಟರು. ಅವರು ಹೇಳುವ ಪ್ರಕಾರ ರವೆ ತಂದದ್ದೇ ಕೇಸರಿಭಾತ್‌ಗೆ. ಎಂಜಿನಿಯರುಗಳನ್ನು ಹರಟೆಗೆ ಕರೆಯಬಾರದು ಅನ್ನುವುದು ಇದಕ್ಕೇ.

ಇನ್ನು ರೆಕಾರ್ಡು. ಒಂದು ಇಡೀ ದಿನ, ಬೆಳಗಿನಿಂದ ರಾತ್ರಿಯವರೆಗೆ, ನಲವತ್ತು ಚಿಲ್ಲರೆ ನಿಮಿಷದಲ್ಲಿ. ಮುಂಜಾವಿಗೊಂದು ಹಾಡು, ಬೆಳಗಿಗೊಂದು, ಊಟದ ಹೊತ್ತಿಗೊಂದು, ಮಧ್ಯಾಹ್ನ, ಸಂಜೆ, ರಾತ್ರಿ. ಹಾಡಿಗೂ ಹಾಡಿಗೂ ನಡುವೆ ಖಾಲಿ ಜಾಗ ಬಿಡದೆ ಆರ್ಕೆಸ್ಟ್ರಾ ಬಂದು ತುಂಬುತ್ತದೆ. ಮೊದಲಿಗೂ ಕೊನೆಗೂ ಗ್ರೇಮ್ ಎಜ್ ಬರೆದ ಪದ್ಯ, ಓದುವುದು ಮೈಕ್ ಪಿಂಡರ್. ಹರಿಕಥೆ ಕೇಳಿದ ನಮಗೆ ಇದೇನೂ ಹೊಸದಲ್ಲ. ಬೆಳಗಿನ ರಾಗ ಬೆಳಗ್ಗೆ, ರಾತ್ರಿಯ ರಾಗ ರಾತ್ರಿ ಅನ್ನುವುದೂ ಹೊಸದಲ್ಲ. ಆದರೆ ಪಾಪ, ಅವರಿಗೆ ಪಂಚಾಂಗ ನೋಡುವ ಅಭ್ಯಾಸ ಇರಲಿಲ್ಲ. ಮಧ್ಯಾಹ್ನದ ಹಾಡಿಗೆ ವಾರ ಯಾವುದು ಆರಿಸಿಕೊಂಡಿದ್ದಾರೆ ಗೊತ್ತೇ? ಮಂಗಳವಾರ! ಮಂಗಳವಾರ ಮಧ್ಯಾಹ್ನ ಮೂರರಿಂದ ನಾಲ್ಕೂವರೆ ಸಾಕ್ಷಾತ್ ರಾಹುಕಾಲ. ‘ಟ್ಯೂಸ್‌ಡೇ ಆಫ್ಟರ್‌ನೂನ್’ ಎಂದು ಅದನ್ನು 1968ರಲ್ಲಿ ಅಮೆರಿಕದಲ್ಲಿ ಬಿಡಿಯಾಗಿ ಬಿಟ್ಟರು, 24ನೇ ನಂಬರಿಗೆ ನಿಂತಿತು. ಬುಧವಾರ ಅಂತ ಬರೆದಿದ್ದರೆ ಮೊದಲ ಹತ್ತರೊಳಗೆ ಬರುತ್ತಿತ್ತು ಎಂದು ನಮ್ಮ ಅತ್ತಿಗೆಯ ಖಚಿತ ಅಭಿಪ್ರಾಯ. ಊಟದ ಹೊತ್ತಿನ ಹಾಡಿನ ಹೆಸರು ‘ಪೀಕ್ ಅವರ್’. ಅದು ಮೂರೂವರೆ ನಿಮಿಷದಲ್ಲಿ ಮುಗಿಯುತ್ತದೆ. ಬರೆದ ಜಾನ್ ಲಾಡ್ಜ್ ಸಿಲ್ಕ್ ಬೋರ್ಡ್ ಸಿಗ್ನಲ್ ನೋಡಿದವರಲ್ಲ.

ಭಾವ ಕಣ್ಣು ಮುಚ್ಚಿ ತಲೆದೂಗುತ್ತಿದ್ದರು. ನಾನು ಕಿವಿ ತೆರೆದು ಕೇಳುತ್ತಿದ್ದೆ. ಆರ್ಕೆಸ್ಟ್ರಾ ಜೋರಾಗಿ ಬರುತ್ತದೆ, ಬಣ್ಣ ಬಣ್ಣದ ಸೂರ್ಯೋದಯ ಮಾಡುತ್ತದೆ, ನಿಲ್ಲುತ್ತದೆ. ಬ್ಯಾಂಡು ಬರುತ್ತದೆ, ಹಾಡುತ್ತದೆ, ನಿಲ್ಲುತ್ತದೆ. ಮತ್ತೆ ಆರ್ಕೆಸ್ಟ್ರಾ. ಒಬ್ಬರಿರುವಾಗ ಒಬ್ಬರಿಲ್ಲ.

‘ಭಾವ, ಇವರಿಬ್ಬರೂ ಒಟ್ಟಿಗೆ ನುಡಿಸೋದು ಯಾವಾಗ?’

‘ಬರತ್ತೆ, ಬರತ್ತೆ. ತಾಳ್ಮೆ ಬೇಕು.’

ನಾನು ಹಿಂದಿನ ವಾರವೇ ಓದಿಕೊಂಡು ಬಂದಿದ್ದೆ ಅನ್ನುವುದನ್ನು ಭಾವನಿಗೆ ಹೇಳಿರಲಿಲ್ಲ. ನಡೆದದ್ದು ಇಷ್ಟೇ: ಬ್ಯಾಂಡಿನವರು ತಮ್ಮ ಹಾಡುಗಳನ್ನು ತಾವು ರೆಕಾರ್ಡ್ ಮಾಡಿದರು. ಆ ಟೇಪುಗಳನ್ನು ಕೇಳಿ, ಅವುಗಳ ಎಳೆ ಹಿಡಿದು, ಪೀಟರ್ ನೈಟ್ ನಡುನಡುವಿನ ಸಂಗೀತ ಬರೆದರು. ವಾದ್ಯಗಾರರು ಬೇರೆ ದಿನ ಬಂದು ನುಡಿಸಿ ಹೋದರು. ನಿರ್ಮಾಪಕ ಟೋನಿ ಕ್ಲಾರ್ಕ್ ನೇತೃತ್ವದಲ್ಲಿ ಎರಡನ್ನೂ ಅಂಟಿಸಿದರು. ಇದನ್ನು ರಾಕ್‌ಗೂ ಸಿಂಫೊನಿಗೂ ಮದುವೆ ಎಂದು ಐವತ್ತು ವರ್ಷದಿಂದ ಬರೆಯುತ್ತಿದ್ದಾರೆ. ವರ ಬಂದಾಗ ವಧು ಇಲ್ಲ, ವಧು ಬಂದಾಗ ವರ ಇಲ್ಲ. ಹಿಂದಿನ ಕಾಲದಲ್ಲಿ ದಂಡಿಗೆ ಹೋದ ವರನ ಕತ್ತಿಯ ಜೊತೆ ತಾಳಿ ಕಟ್ಟಿಸುತ್ತಿದ್ದರಂತಲ್ಲ, ಹೆಚ್ಚೆಂದರೆ ಅಂಥ ಮದುವೆ.

ಹಾಲು ಸಕ್ಕರೆಯೂ ಅಲ್ಲ. ಇದು ಚೌಚೌ ಭಾತ್. ಒಂದೇ ತಟ್ಟೆ, ಈ ಕಡೆ ಖಾರಾಭಾತ್ ಗುಮ್ಮಟ, ಆ ಕಡೆ ಕೇಸರಿಭಾತ್ ಗುಮ್ಮಟ. ಎರಡೂ ರವೆಯೇ ಹೌದು. ಆದರೆ ಕಲಸಿ ತಿನ್ನುವವನನ್ನು ಬಸವನಗುಡಿಯ ಯಾವ ಹೋಟೆಲಿನಲ್ಲೂ ನಾನು ಕಂಡಿಲ್ಲ, ಕಂಡರೆ ಪಕ್ಕದ ಟೇಬಲ್ಲಿಗೆ ಹೋಗುತ್ತೇನೆ. ಒಂದು ಚಮಚ ಇದು, ಒಂದು ಚಮಚ ಅದು. ರುಚಿ ಇರುವುದು ಈ ಹೋಗಿಬರುವುದರಲ್ಲೇ. ತಟ್ಟೆಯ ನಡುವೆ, ಎರಡು ಗುಮ್ಮಟ ತಾಕುವ ಕಡೆ, ಕೇಸರಿಭಾತಿನ ತುಪ್ಪ ಒಂದಿಷ್ಟು ಖಾರಾಭಾತಿಗೆ ಇಳಿದಿರುತ್ತದೆ. ಈ ರೆಕಾರ್ಡಿನಲ್ಲಿ ಆ ತುಪ್ಪ ಇಳಿಯುವುದು ಕೊನೆಯ ಹಾಡಿನ ಕೊನೆಯಲ್ಲಿ. ಅಲ್ಲಿ ಮಾತ್ರ ಬ್ಯಾಂಡು, ಆರ್ಕೆಸ್ಟ್ರಾ ಒಂದರ ಮೇಲೊಂದು ಹರಿದು ಸೇರುತ್ತವೆ. ಮೈ ಜುಂ ಅನ್ನುತ್ತದೆ, ಸುಳ್ಳು ಹೇಳಬಾರದು.

‘ಸರಿ, ಹಾಗಾದ್ರೆ ಹಾಡುಗಳ ಒಳಗೆ ಕೇಳ್ತಿದೆಯಲ್ಲ, ಅಷ್ಟು ಪಿಟೀಲು? ಅದು ಆರ್ಕೆಸ್ಟ್ರಾ ಅಲ್ಲದೆ ನಿಮ್ಮ ತಾತ ನುಡಿಸಿದ್ದಾ?’ ಎಂದು ಭಾವ ಎದ್ದು ಕೂತರು. ನಾನು ಕಾಯುತ್ತಿದ್ದದ್ದೇ ಈ ಪ್ರಶ್ನೆಗೆ. ಕಾಫಿ ಲೋಟ ಕೆಳಗಿಟ್ಟೆ.

ಅದನ್ನು ನುಡಿಸಿದ್ದು ಒಂದು ಪೆಟ್ಟಿಗೆ. ಮೆಲೊಟ್ರಾನ್ ಅಂತ ಹೆಸರು. ಹೊರಗಿನಿಂದ ಆರ್ಗನ್ ಹಾಗೆ ಕಾಣುತ್ತದೆ. ಎಡಕ್ಕೆ 35 ಮನೆ, ಬಲಕ್ಕೆ 35 ಮನೆ. ಒಳಗೆ ಪ್ರತಿಯೊಂದು ಮನೆಯ ಕೆಳಗೂ ಒಂದೊಂದು ಟೇಪಿನ ಪಟ್ಟಿ. ಆ ಪಟ್ಟಿಯಲ್ಲಿ ನಿಜವಾದ ವಾದ್ಯಗಾರರು ಯಾವತ್ತೋ ನುಡಿಸಿದ ಒಂದೊಂದೇ ಸ್ವರ, ಪಿಟೀಲಿನದೋ ಕೊಳಲಿನದೋ. ಮನೆ ಒತ್ತಿದರೆ ಟೇಪು ಓಡುತ್ತದೆ, ಸ್ವರ ಬರುತ್ತದೆ. ಎಷ್ಟು ಹೊತ್ತು? ಸುಮಾರು ಎಂಟು ಸೆಕೆಂಡು. ಆಮೇಲೆ ಪಟ್ಟಿ ಮುಗಿಯಿತು, ಮೌನ. ಬೆರಳೆತ್ತಿದರೆ ಸ್ಪ್ರಿಂಗು ಪಟ್ಟಿಯನ್ನು ಹಿಂದಕ್ಕೆ ಎಳೆದುಕೊಳ್ಳುತ್ತದೆ, ಮತ್ತೆ ಮೊದಲಿನಿಂದ. ನಮ್ಮ ಸಂಬಳದ ಹಾಗೇ. ಎಂಟನೇ ತಾರೀಕಿಗೆ ಖಾಲಿ, ಮತ್ತೆ ಒಂದರಿಂದ ಶುರು. ಇಂಥ ಎಂಟೆಂಟು ಸೆಕೆಂಡುಗಳನ್ನು, ಒಂದು ಬೆರಳು ಸೋತಲ್ಲಿ ಇನ್ನೊಂದು ಬೆರಳು ಹೆಗಲು ಕೊಡುವಂತೆ ಜೋಡಿಸಿ, ನಾಲ್ಕು ನಿಮಿಷದ ವಿರಹ ಎಬ್ಬಿಸಬೇಕು. ಮೋಟಾರಿನ ವೇಗ ಒಂದಿಷ್ಟು ಆಚೀಚೆ ಆದರೆ ಸ್ವರ ನಡುಗುತ್ತದೆ, ನೆಗಡಿಯಾದ ಪಿಟೀಲಿನ ಹಾಗೆ. ಭಾವ ಇಷ್ಟು ಹೊತ್ತು ಕಣ್ಣುಮುಚ್ಚಿ ‘ಆಹಾ, ಎಂಥ ಭಾವ’ ಎಂದದ್ದು ಆ ನೆಗಡಿಗೆ!

ಮೈಕ್ ಪಿಂಡರ್ ಈ ಪೆಟ್ಟಿಗೆ ತಯಾರಿಸುವ ಬರ್ಮಿಂಗ್‌ಹ್ಯಾಮಿನ ಕಾರ್ಖಾನೆಯಲ್ಲೇ ಒಂದೂವರೆ ವರ್ಷ ಕೆಲಸ ಮಾಡಿದ್ದವರು. ಹಾಗಾಗಿ ಅದರ ಕೀಲು ಕೀಲೂ ಗೊತ್ತು. ತಮ್ಮ ತಂಡಕ್ಕೆ ಬೇಕಾದಾಗ ಹೊಸದು ಕೊಳ್ಳದೆ, ಡನ್‌ಲಪ್ ಟೈರ್ ಕಾರ್ಖಾನೆಯ ನೌಕರರ ಕ್ಲಬ್ಬಿನಲ್ಲಿ ಇದ್ದ ಹಳೆಯದೊಂದನ್ನು ಹಿಡಿದರು. ಟೈರಿನವರ ಸಾಮಾನು ಅಂದಮೇಲೆ ಊರೂರು ತಿರುಗಲೇಬೇಕಲ್ಲ. ಅಮೆರಿಕದಲ್ಲಿ ಒಂದು ಕಛೇರಿಯಲ್ಲಿ ಮೊದಲ ಭಾರೀ ಸ್ವರಮೇಳ ಒತ್ತಿದ ಕೂಡಲೇ ಪೆಟ್ಟಿಗೆಯ ಹಿಂಬಾಗಿಲು ಕಿತ್ತು ಟೇಪುಗಳೆಲ್ಲ ಶಾವಿಗೆಯ ಹಾಗೆ ಹೊರಗೆ ಸುರಿದವಂತೆ. ಅವರು ಸ್ಕ್ರೂಡ್ರೈವರ್ ಹಿಡಿದು ಕೂತರೆ, ಜನಕ್ಕೆ ಬೇಜಾರಾಗದಿರಲಿ ಎಂದು ಕಾರ್ಟೂನ್ ತೋರಿಸಿದರು ಎಂದು ಪಿಂಡರ್ ಹೇಳಿಕೊಂಡಿದ್ದರು. ಬ್ರಿಟನ್ನಿನ ವಾದ್ಯಗಾರರ ಸಂಘ ಈ ಯಂತ್ರ ಬಂದಾಗ ನಮ್ಮ ಅನ್ನ ಹೋಯಿತು ಎಂದು ತಕರಾರು ತೆಗೆದಿತ್ತು. ತಪ್ಪೇನಿಲ್ಲ. ಮುಂದಿನ ವರ್ಷ, 1968ರ ರೆಕಾರ್ಡಿಗೆ ಮೂಡಿ ಬ್ಲೂಸ್ ಆರ್ಕೆಸ್ಟ್ರಾವನ್ನು ಕರೆಯಲೇ ಇಲ್ಲ. ಮೆಲೊಟ್ರಾನ್ ಇತ್ತು, ನಮ್ಮ ಸಿತಾರ್ ತಂಬೂರಿಗಳನ್ನೂ ತಂದುಕೊಂಡರು, ‘ಓಂ’ ಎಂಬ ಹಾಡಿನಿಂದ ಮುಗಿಸಿದರು. ಖಾರಾಭಾತು ಸಾಲದೆ ಪ್ರಸಾದವೂ ಆಯಿತು.

ಭಾವ ಕವರನ್ನು ತಿರುಗಿಸಿ, ಕನ್ನಡಕ ಏರಿಸಿ, ಕೊನೆಯ ಬಾಣ ಬಿಟ್ಟರು. ‘ನೋಡಿಲ್ಲಿ, ಅಚ್ಚು ಹಾಕಿದಾರೆ. ಲಂಡನ್ ಫೆಸ್ಟಿವಲ್ ಆರ್ಕೆಸ್ಟ್ರಾ! ಇದಕ್ಕೇನಂತೀಯಾ?’

‘ಭಾವ, ಬೇಜಾರು ಮಾಡ್ಕೋಬೇಡಿ. ಆಗ ಅಂಥ ಹೆಸರಿನ ಖಾಯಂ ಆರ್ಕೆಸ್ಟ್ರಾ ಏನೂ ಇರಲಿಲ್ಲ. ದಿನಗೂಲಿ ಲೆಕ್ಕದಲ್ಲಿ ನುಡಿಸೋ ಸ್ಟುಡಿಯೋ ವಾದ್ಯಗಾರರನ್ನು ಕಲೆಹಾಕಿ ಡೆಕ್ಕಾದವರು ಇಟ್ಟ ಹೆಸರು ಅದು.’

ಅಲ್ಲಿಗೆ ಬಡ್ಡಿ ಸಮೇತ ವಸೂಲಾಯಿತು. ನೀವೇ ಹೇಳಿ: ಅಲ್ಲಿಂದಿಲ್ಲಿಂದ ವಾದ್ಯದವರನ್ನು ಸೇರಿಸಿ, ಹಬ್ಬದ ಹೆಸರಿಟ್ಟು, ಬ್ಯಾನರು ಬರೆಸಿ, ಪಿಟೀಲಿನ ಕೆಲಸವನ್ನು ಕೀಬೋರ್ಡಿನ ಹುಡುಗನಿಗೆ ವಹಿಸಿದರೆ ಅದನ್ನು ಏನನ್ನುತ್ತಾರೆ? ಫೆಸ್ಟಿವಲ್ ಆರ್ಕೆಸ್ಟ್ರಾ ಅಂದರೆ ಗಣೇಶನ ಹಬ್ಬದ ಆರ್ಕೆಸ್ಟ್ರಾ ಅಲ್ಲದೆ ಇನ್ನೇನು? ‘ಶ್ರೀ ವಿನಾಯಕ ಮೆಲೊಡೀಸ್’ಗೂ ಇದಕ್ಕೂ ವ್ಯತ್ಯಾಸ ಇಷ್ಟೇ, ಇವರ ಪೆಂಡಾಲು ವೆಸ್ಟ್ ಹ್ಯಾಂಪ್‌ಸ್ಟೆಡ್‌ನಲ್ಲಿತ್ತು.

ಭಾವ ಉತ್ತರಿಸಲಿಲ್ಲ. ಮುಳ್ಳು ಆಗಲೇ ರಾತ್ರಿಗೆ ಬಂದಿತ್ತು: ‘ನೈಟ್ಸ್ ಇನ್ ವೈಟ್ ಸ್ಯಾಟಿನ್’. ಇಂಗ್ಲಿಷರಿಗೇ ಇದು ರಾತ್ರಿಗಳೋ, ಕುದುರೆ ಏರಿದ ವೀರಯೋಧರೋ ಎಂಬ ಗೊಂದಲ. ಕಾಗುಣಿತ ಬೇರೆ, ಉಚ್ಚಾರ ಒಂದೇ. ಕನ್ನಡದಲ್ಲಿ ಬರೆದರೆ ಆ ಕಾಗುಣಿತದ ಆಸರೆಯೂ ಇಲ್ಲ. ರಾತ್ರಿಯೂ ನೈಟ್, ಯೋಧನೂ ನೈಟ್, ಸಂಗೀತ ಜೋಡಿಸಿದ ಪೀಟರ್ ಕೂಡ ನೈಟ್. ಅತ್ತಿಗೆ ಅಡುಗೆಮನೆಯಿಂದಲೇ, ‘ಸ್ಯಾಟಿನ್ ನೈಟೀನಾ? ಬೇಸಿಗೆಗೆ ಆಗಲ್ಲ, ಕಾಟನ್ನೇ ಸರಿ’ ಎಂದು ನಾಲ್ಕನೆಯ ಅರ್ಥವನ್ನೂ ಕೊಟ್ಟರು. ಅವರೇ ನಿಜಕ್ಕೆ ಹತ್ತಿರ ಬಂದರು. ಹತ್ತೊಂಬತ್ತರ ಹುಡುಗ ಹೇವರ್ಡ್‌ಗೆ ಗೆಳತಿಯೊಬ್ಬಳು ಬಿಳಿ ಸ್ಯಾಟಿನ್ ಹಾಸಿಗೆ ಬಟ್ಟೆ ಉಡುಗೊರೆ ಕೊಟ್ಟಿದ್ದಳು; ಹಾಡಿನ ಬೀಜ ಅದೇ. ದುರದೃಷ್ಟಕ್ಕೆ ಆ ಹುಡುಗ ಇನ್ನೂ ಚಿಕ್ಕವನಿದ್ದಾಗಲೇ ಲಾನಿ ಡಾನೆಗನ್ ಎಂಬ ಆ ಕಾಲದ ದೊಡ್ಡ ಗಾಯಕನ ಪ್ರಕಾಶನ ಸಂಸ್ಥೆಗೆ ಎಂಟು ವರ್ಷದ ಕರಾರು ಬರೆದುಕೊಟ್ಟಿದ್ದ. ಹಾಸಿಗೆ ಬಟ್ಟೆ ಹೇವರ್ಡ್‌ನದು, ನಿದ್ದೆಗೆಟ್ಟವನು ಹೇವರ್ಡ್, ಹಾಡಿನ ಹಕ್ಕು ಡಾನೆಗನ್‌ದು. ಸಹಿ ಹಾಕುವ ಮೊದಲು ಓದಬೇಕು ಎಂದು ನಮ್ಮ ಬ್ಯಾಂಕಿನವರೂ ಹೇಳುತ್ತಾರೆ, ಓದಲು ಬಿಡುವುದಿಲ್ಲ ಅಷ್ಟೇ.

ರೆಕಾರ್ಡು 1967ರ ನವೆಂಬರಿನಲ್ಲಿ ಬಂತು. ಬ್ರಿಟನ್ನಿನಲ್ಲಿ 27ನೇ ಸ್ಥಾನ, ಈ ಹಾಡು 19. ಕೆಟ್ಟದ್ದಲ್ಲ, ಬಾಜಾ ಬಜಂತ್ರಿಯೂ ಇಲ್ಲ. ನಿಜವಾದ ಹಬ್ಬ ಬಂದದ್ದು ಐದು ವರ್ಷ ತಡವಾಗಿ. 1972ರಲ್ಲಿ ಅಮೆರಿಕದವರಿಗೆ ಇದ್ದಕ್ಕಿದ್ದಂತೆ ಜ್ಞಾನೋದಯವಾಗಿ, ಹಾಡು ಎರಡನೇ ನಂಬರಿಗೂ ರೆಕಾರ್ಡು ಮೂರನೇ ನಂಬರಿಗೂ ಏರಿದವು. ಒಂದನೇ ನಂಬರು ಯಾಕೆ ತಪ್ಪಿತು? ಅಲ್ಲಿ ಜಾನಿ ನ್ಯಾಶ್ ಎಂಬಾತ, ಮಳೆ ಹೋಗಿ ಬಿಸಿಲು ಬಂತು ಎಂಬರ್ಥದ ಹಾಡು ಹಿಡಿದು ಕೂತಿದ್ದ. ಬಿಸಿಲಿನ ಮುಂದೆ ರಾತ್ರಿ ನಿಲ್ಲುತ್ತದೆಯೇ? ಕಳೆದುಹೋದ ಭವಿಷ್ಯ ಎಂದು ಹೆಸರಿಟ್ಟವರ ಭವಿಷ್ಯ ಐದು ವರ್ಷ ಬಾಗಿಲಲ್ಲಿ ‘ನಾಳೆ ಬಾ’ ಓದಿಕೊಂಡು ಹೋಗಿ ಹೋಗಿ ಕೊನೆಗೆ ಒಳಗೆ ಬಂದಿತ್ತು.

‘ನೀನು ಏನಾದ್ರೂ ಹೇಳು,’ ಎಂದರು ಭಾವ, ಕಣ್ಣು ತೆರೆಯದೆ. ‘ಪೆಟ್ಟಿಗೆಯೋ ಪಿಟೀಲೋ, ಇಲ್ಲೊಂಚೂರು ಸುಮ್ನಿರು.’

ಸುಮ್ಮನಿದ್ದೆ. ಕೊಳಲು ಬಂತು, ತಂಡದ ರೇ ಥಾಮಸ್ ಅವರದು. ಅದು ಟೇಪಲ್ಲ, ಉಸಿರು. ಹಿಂದೆ ಆ ನೆಗಡಿಯ ಪಿಟೀಲುಗಳು ಎಂಟೆಂಟು ಸೆಕೆಂಡು ಬದುಕಿ ಸಾಯುತ್ತಿದ್ದವು. ಆಮೇಲೆ ನಿಜವಾದ ಆರ್ಕೆಸ್ಟ್ರಾ ಎಲ್ಲಿಂದಲೋ ಏರಿಬಂದು ಎಲ್ಲವನ್ನೂ ಮುಳುಗಿಸಿತು. ತುಪ್ಪ ಇಳಿಯಿತು. ಪಿಂಡರ್ ಪದ್ಯ ಓದಿದರು. ಆರ್ಕೆಸ್ಟ್ರಾ ಮತ್ತೊಮ್ಮೆ ಉಕ್ಕಿತು. ಎಲ್ಲ ಅಡಗಿದ ಮೇಲೆ ಪಿಂಡರೇ ಬಾರಿಸಿದ ಕಂಚಿನ ಗಾಂಗಿನ ಒಂದೇ ಒಂದು ಪೆಟ್ಟು, ಢಂಯ್...

ಅತ್ತಿಗೆ ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುತ್ತ ಹೊರಗೆ ಬಂದರು. ‘ಯಾರ್ರೀ ಅದು, ಇಷ್ಟೊತ್ತಲ್ಲಿ ಜಾಗಟೆ ಹೊಡೆದಿದ್ದು? ಮಂಗಳಾರತಿ ಆಯ್ತಾ? ಆಗಿದ್ರೆ ಏಳಿ, ಎಲೆ ಹಾಕಿದೀನಿ.’